ಫೋನಕ್ಕ ಹೇಳಿದ್ದನ್ನು ಯಾರೂ ಕೇಳಲಿಲ್ಲ

ಈಗ ಮುಚ್ಚಿಹೋಗಿರುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ಫೋನಕ್ಕ ಎನ್ನುತ್ತಿದ್ದರು. ಗಿರಾಕಿಗಳ ದೂರು ಕೇಳುವ ಕೆಲಸ ಅವಳದು. ಕಂಪನಿ ಕಟ್ಟಿದವನು ಅವಳ ಅಕ್ಕನ ಗಂಡ. ಭಾವನ ಮನೆಯ ಉಗ್ರಾಣದಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಶುರುಮಾಡಿದ ದಿನದಿಂದಲೂ ಅವಳು ಅಲ್ಲಿದ್ದಳು.

ಅವರು ಮಾಡಿದ್ದು ಇ-ಮೇಲ್ ತರುವ ಒಂದು ಪ್ರೋಗ್ರಾಂ. ಮನೆಯ ಫೋನ್ ಲೈನಿನಲ್ಲೇ ಇಂಟರ್‌ನೆಟ್ ಬರುತ್ತಿದ್ದ ಕಾಲ. ಒಬ್ಬರು ಅದನ್ನು ಹಚ್ಚಿ ಕೂತರೆ ಮನೆಗೆ ಬೇರೆ ಫೋನ್ ಬರುವಂತಿರಲಿಲ್ಲ. ಇವರ ಪ್ರೋಗ್ರಾಂ ಮಾತ್ರ ತಾನೇ ಡಯಲ್ ಮಾಡಿ, ಪತ್ರಗಳನ್ನು ಎಳೆದುಕೊಂಡು, ತಾನೇ ಲೈನ್ ಬಿಟ್ಟುಬಿಡುತ್ತಿತ್ತು. ಅದರ ಮಹಿಮೆ ಅಷ್ಟೇ, ಅಷ್ಟಕ್ಕೇ ಜನ ಮುಗಿಬಿದ್ದರು. ಎರಡೇ ವರ್ಷಕ್ಕೆ ಉಗ್ರಾಣ ಹೋಗಿ ನಾಲ್ಕು ಮಹಡಿ ಬಂತು, ಗಾಜಿನ ಬಾಗಿಲು ಬಂತು, ಭಾವ ಎಲ್ಲರಿಗೂ ‘ಸಾರ್’ ಆದ.

ಆಮೇಲೆ ಹಿಡಿಯಿತು ನೋಡಿ ಗ್ರಹಚಾರ! ಹೊಸ ಪ್ರೋಗ್ರಾಮಿನಲ್ಲಿ ಹವಾಮಾನ ಬೇಕಂತೆ, ಹರಟೆ ಬೇಕಂತೆ, ಮೂಲೆಯಲ್ಲಿ ಕುಣಿಯುವ ಗಿಳಿಯೊಂದು ಬೇಕಂತೆ. ಮೂಗಿಗಿಂತ ಮೂಗುತಿ ಭಾರ. ಇದನ್ನೆಲ್ಲ ತುರುಕುವ ಭರದಲ್ಲಿ ಲೈನ್ ಬಿಡುವ ಕೆಲಸವನ್ನೇ ಮರೆತರು. ಹೊಸ ಆಫೀಸಿನಲ್ಲಿ ಇಂಟರ್‌ನೆಟ್ಟಿಗೆಂದೇ ಬೇರೆ ಲೈನ್ ಇತ್ತು, ಅದನ್ನು ಬಿಡುವ ಪ್ರಶ್ನೆಯೇ ಇರಲಿಲ್ಲ. ಹಾಗಾಗಿ ಅಲ್ಲಿ ಕೂತು ಬರೆದ ಮಹಾನುಭಾವರಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ.

ಗೊತ್ತಾದದ್ದು ಫೋನಕ್ಕನಿಗೆ. ಮೊದಲ ವಾರವೇ ಒಬ್ಬ ದಾದಿ ಅಳುತ್ತಾ ಫೋನ್ ಮಾಡಿದಳು. ಮಧ್ಯಾಹ್ನವಿಡೀ ಅವಳ ಮನೆಯ ಲೈನ್ ಎಂಗೇಜ್. ಹೆರಿಗೆಗೆ ಕರೆಯಲು ಆಸ್ಪತ್ರೆಯವರು ಪ್ರಯತ್ನಿಸಿ ಸೋತರಂತೆ. ತಾಯಿ, ಮಗು ಹೇಗೋ ಉಳಿದುಕೊಂಡರು.

“ನಿಮ್ಮನ್ನ ನಂಬಿದ್ದೆ ಕಣಮ್ಮ,” ಎಂದಳು ದಾದಿ.

ಫೋನಕ್ಕ ನಾಲ್ಕನೇ ಮಹಡಿಗೆ ಓಡಿದಳು.

“ಭಾವ, ಅದು ಲೈನ್ ಬಿಡ್ತಾ ಇಲ್ಲ. ಅದೊಂದನ್ನ ಸರಿಮಾಡಿಸಿ, ಇಲ್ಲಾಂದ್ರೆ ಇರೋ ಜನಾನೂ ಹೋಗ್ತಾರೆ.”

“ನಮ್ಮಲ್ಲಿ ಚೆನ್ನಾಗೇ ಓಡ್ತಿದೆಯಲ್ಲ! ಹೊಸದು ಕಣಮ್ಮ, ಅಭ್ಯಾಸ ಆಗುತ್ತೆ.”

“ನಿಮ್ಮನೆಯಲ್ಲೂ ಇದನ್ನೇ ಹಾಕಿದ್ದೀರಲ್ಲ, ಅಲ್ಲಿಗೆ ಒಂದ್ಸಲ ಫೋನ್ ಮಾಡಿ ನೋಡಿ. ಬೆಳಿಗ್ಗೆಯಿಂದ ಅಕ್ಕ ಸಿಗ್ತಿಲ್ಲ.”

“ಅವಳು ಯಾರ ಜತೆಗೋ ಹರಟ್ತಿರ್ತಾಳೆ ಬಿಡು.”

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ದಿನಕ್ಕೆ ನೂರು ಕರೆ, ಇನ್ನೂರು ಕರೆ. ಒಂದೊಂದನ್ನೂ ಬರೆದು ಮೇಲಕ್ಕೆ ಕಳಿಸಿದಳು. ಮೇಲಿನವರು ಸಭೆ ಸೇರಿ ಗಿಳಿಯ ಬಣ್ಣ ಬದಲಾಯಿಸಿದರು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. “ಮುಂದಿನ ವಾರ ಸರಿಹೋಗುತ್ತೆ” ಎಂದು ಜನರಿಗೆ ಸುಳ್ಳು ಹೇಳಿ ಹೇಳಿ ಬಾಯಿ ಒಣಗಿತು.

ನಾಲ್ಕು ತಿಂಗಳಾಗುವಾಗ ಕರೆಗಳು ಕಡಿಮೆಯಾದವು. ಆರನೆಯ ತಿಂಗಳಲ್ಲಿ ಒಂದು ಸೋಮವಾರ ಮಧ್ಯಾಹ್ನವಾದರೂ ಒಂದೂ ಬರಲಿಲ್ಲ. ಭಾವನೇ ಕೆಳಗಿಳಿದು ಬಂದ, ಮುಖ ಅರಳಿಸಿಕೊಂಡು.

“ನೋಡಿದ್ಯಾ, ಒಂದೂ ದೂರಿಲ್ಲ!”

“ಬೈಯೋಕೂ ಯಾರೂ ಉಳಿದಿಲ್ಲ, ಭಾವ,” ಎಂದಳು ಫೋನಕ್ಕ.

ಅವನು ನಗಲು ಹೋಗಿ ನಿಲ್ಲಿಸಿದ. ಸಾಲಾಗಿದ್ದ ಆರು ಫೋನ್‌ಗಳನ್ನು ನೋಡಿದ. ಒಂದು ರಿಸೀವರ್ ಎತ್ತಿ, ಲೈನ್ ಸರಿಯಿದೆಯೇ ಎಂದು ಕಿವಿಗಿಟ್ಟುಕೊಂಡ. ಸರಿಯಾಗಿಯೇ ಇತ್ತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಯಾರಾದರೂ ಬೈಯಲಿ ಎಂದು ಸಂಜೆಯ ತನಕ ಇಬ್ಬರೂ ಕಾದರು.