ಹಾರದ ವಿಮಾನದ ಅಮರೇಶಪ್ಪ

ಮಸ್ಕಿಯ ಅಮರೇಶಪ್ಪನವರು ಯಾವ ಗುಡಿಗೂ ಪ್ರದಕ್ಷಿಣೆ ಹಾಕಿದ್ದನ್ನು ನಾನು ಕಂಡಿಲ್ಲ. ಪ್ರದಕ್ಷಿಣೆ ಹಾಕದೆ ಯಾವ ವಾಹನವನ್ನೂ ಹತ್ತಿದ್ದನ್ನೂ ಕಂಡಿರಲಿಲ್ಲ. ಸಂತೆಕಲ್ಲೂರಿನ ಆಟೋ ಇರಲಿ, ಲಿಂಗಸುಗೂರಿನ ಬಸ್ಸಿರಲಿ, ಬೀಗರ ಟ್ರ್ಯಾಕ್ಟರ್ ಇರಲಿ, ಮೊದಲು ಒಂದು ಸುತ್ತು. ಟೈರಿಗೆ ಅಂಗೈ, ಅಡಿಗೆ ಬಗ್ಗಿ ಒಂದು ನೋಟ, ನೆಲದ ಮೇಲೆ ತೇವ ಕಂಡರೆ ತೋರುಬೆರಳಿಂದ ಮುಟ್ಟಿ ಮೂಗಿಗೆ ಹಿಡಿಯುವುದು. ಇಷ್ಟಾದ ಮೇಲೆ ಚಾಲಕನಿಗೆ ಹೆಬ್ಬೆರಳೆತ್ತಿ, ಮಠದ ಸ್ವಾಮಿಗಳು ಅಪ್ಪಣೆ ಕೊಡಿಸುವ ಗಾಂಭೀರ್ಯದಲ್ಲಿ "ಹೂಂ, ಹಾರಸು" ಅನ್ನುವರು. ಅಲ್ಲಿಯವರೆಗೆ ಒಳಗಿದ್ದವರು ಒಬ್ಬರ ತೊಡೆಯ ಮೇಲೊಬ್ಬರು ಬೇಯುತ್ತಿರಬೇಕು.

"ಕಾಕಾ, ಇದು ಆಟೋ ಐತಿ, ಹಾರೂದಿಲ್ಲ," ಅನ್ನುತ್ತಿದ್ದ ಆಟೋದ ಹುಸೇನಿ.

"ನೀ ಕೆನಾಲಿನಾಗ ಹಾರಸಬಾರದಂತನ ನೋಡಾಕತ್ತೀನಿ, ಸುಮ್ಕಿರಲೇ."

ಅಮರೇಶಪ್ಪನವರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಅವರ ಸೇವೆಯ ಏಕೈಕ ಘನಕಾರ್ಯವೆಂದರೆ, ಒಂದು ವಿಮಾನ ಹಾರಲಿಲ್ಲ. ಪಕ್ಕದ ಮನೆಯವನಾದ್ದರಿಂದ ಈ ಪುರಾಣದ ಶ್ರವಣ ನನಗೆ ತಪ್ಪಿದ್ದಲ್ಲ.

"ಯುದ್ಧದ ಟೈಮ್ ರೀ. ಪೈಲಟ್ ಸಾಹೇಬ್ರು ಹತ್ತಿ ಕುಂತಾರ. ನಾ ಸುತ್ತ ಹಾಕಾಕತ್ತೀನಿ. ಹೊಟ್ಟಿ ಕೆಳಗ ಒಂದು ಹನಿ. ಬೆರಳ ಹಚ್ಚಿದೆ. ಎಣ್ಣಿ! 'ಸಾಬ್, ಇದು ಹೋಗೂದಿಲ್ಲ' ಅಂದೆ. ಸಾಹೇಬ್ರು ಇಂಗ್ಲೀಷಿನಾಗ ನಮ್ಮ ಮೂರು ತಲಿಮಾರಿಗೂ ಬೈದ್ರು. ಬೈರಿ, ಆದ್ರ ಇಳೀರಿ ಅಂದೆ. ಬಿಚ್ಚಿ ನೋಡಿದ್ರ ಒಳಗ ಪೈಪ್ ಸೀಳಿತ್ತು."

"ಮುಂದ?"

"ಮುಂದ ಏನಿಲ್ಲ. ಸಾಹೇಬ್ರು ಚಾ ಕುಡದ್ರು. ಮದಿವಿ ಆದ್ರು. ಮುದುಕರಾದ್ರು."

"ಮುಂದ ಏನಿಲ್ಲ" ಅನ್ನುವಾಗ ಅವರ ಎದೆ ಒಂದು ಗೇಣು ಉಬ್ಬುತ್ತಿತ್ತು. ಕೇಳುವವರಿಗೆ ಮಾತ್ರ ಆಕಳಿಕೆ.

ಆ ಸಾಹೇಬರು ತಾವು ಸಾಯುವ ಮುಂಚೆ ಯಾರಿಗೋ ಈ ಕಥೆ ಹೇಳಿದ್ದರಂತೆ. ಅದರ ಜಾಡು ಹಿಡಿದು ಮುಂಬಯಿಯಿಂದ ಸಿನಿಮಾದ ಹುಡುಗಿಯೊಬ್ಬಳು ಮಸ್ಕಿಗೆ ಬಂದಳು. ಅಮರೇಶಪ್ಪನವರ ಹೆಂಡತಿ ಶರಣಮ್ಮನವರು ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಹುಡುಗಿ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎಲ್ಲವನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. "ನಿಜವಾಗಿ ನಡೆದದ್ದನ್ನೇ ತೋರಿಸ್ತೀವಿ ಅಂಕಲ್" ಅಂದಳು. ಅಮರೇಶಪ್ಪನವರು ಹನಿ ಮುಟ್ಟಿದ್ದು ಬಲಗೈ ತೋರುಬೆರಳಿಂದ ಎಂಬುದನ್ನು ಎರಡು ಸಲ ಖಾತ್ರಿಪಡಿಸಿ ಕಳಿಸಿದರು.

ಸಿನಿಮಾ ಸಿಂಧನೂರಿಗೆ ಬಂದ ದಿನ ನಮ್ಮ ಓಣಿಗೆ ಓಣಿಯೇ ಹೊರಟಿತು. ಹುಸೇನಿಯ ಆಟೋಕ್ಕೆ ಅವತ್ತು ಎರಡು ಪ್ರದಕ್ಷಿಣೆ.

ಪರದೆಯ ಮೇಲೆ ಮೊದಲಿಗೆ ಹಿಮ ಬಿತ್ತು. "ನಮ್ಮಲ್ಲಿ ಧೂಳ ಬೀಳತಿತ್ತು" ಎಂದು ಅಮರೇಶಪ್ಪನವರು ನನ್ನ ಕಿವಿಯಲ್ಲಿ ತಿದ್ದುಪಡಿ ಮಂಡಿಸಿದರು. ಮೆಕ್ಯಾನಿಕ್ ಅಮರ್ ಬಂದ, ಇಡ್ಲಿ ತಿಂದ. "ನಾನಲ್ಲ ಇವ, ನಾ ರೊಟ್ಟಿ." ಮೂತಿಯಲ್ಲಿ ಪಂಖ ತಿರುಗುವ ವಿಮಾನ ಇರಬೇಕಾದಲ್ಲಿ ಜೆಟ್ಟು ನಿಂತಿತ್ತು. "ಇರ್ಲಿ, ಹಳೇದು ಸಿಕ್ಕಿರಲಿಕ್ಕಿಲ್ಲ." ಇಲ್ಲಿಯವರೆಗೆ ಅವರು ಧಾರಾಳವಾಗಿಯೇ ಇದ್ದರು.

ಆಮೇಲೆ ಅಮರ್ ವಿಮಾನದ ಕೆಳಗೆ ಬಗ್ಗಬೇಕಾದ ಹೊತ್ತಿಗೆ ಅವನಿಗೆ ಪ್ರೇಯಸಿಯ ನೆನಪಾಯಿತು. ಒಂದು ಹಾಡಾಯಿತು. ಹನಿ ಬಿತ್ತು, ಅವನು ನೋಡಲಿಲ್ಲ. ವಿಮಾನ ಹಾರಿತು, ಹೊತ್ತಿಕೊಂಡು ಬಿತ್ತು. ತನ್ನ ತಪ್ಪಿಗೆ ಎದೆ ಬಡಿದುಕೊಂಡು ಅಮರ್ ಬೆಂಕಿಯೊಳಗೆ ನುಗ್ಗಿದ, ಸಾಹೇಬನನ್ನು ಹೊರಗೆಳೆದ, ತಾನು ಸತ್ತ. ಥಿಯೇಟರಿಗೆ ಥಿಯೇಟರೇ ಅತ್ತಿತು. ಹುಸೇನಿ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಶರಣಮ್ಮನವರು ಸೆರಗು ಬಾಯಿಗಿಟ್ಟುಕೊಂಡು, ಪಕ್ಕದಲ್ಲೇ ಜೀವಂತ ಕೂತಿದ್ದ ಗಂಡನ ಕಡೆ ತಿರುಗಿ, "ಎಷ್ಟ ಚೊಲೋ ಸತ್ತೀರಿ!" ಅಂದರು.

ಮರುದಿನ ಮುಂಬಯಿಗೆ ಫೋನ್ ಹೋಯಿತು. ಹುಡುಗಿ ತಾಳ್ಮೆಯಿಂದ "ಅದು ಆರ್ಟಿಸ್ಟಿಕ್ ಲೈಸೆನ್ಸ್ ಅಂಕಲ್" ಅಂದಳಂತೆ. ಅಮರೇಶಪ್ಪನವರು ನೇರ ನನ್ನಲ್ಲಿಗೆ ಬಂದರು.

"ಬಂದೂಕಿಗಿ ಲೈಸನ್ ಕೊಡ್ತಾರ, ಸೆರೆ ಅಂಗಡಿಗಿ ಕೊಡ್ತಾರ. ಬದುಕಿದ್ದಾವ್ನ ಕೊಲ್ಲಾಕ ಯಾವ ಆಫೀಸಿನಾಗ ಕೊಡ್ತಾರ್ರಿ?"

ನಾನು ಗಂಟಲು ಸರಿಪಡಿಸಿಕೊಂಡು, ಇತಿಹಾಸ ಬೇರೆ, ಕಲೆ ಬೇರೆ, ಕಲೆಗೆ ಸ್ವಲ್ಪ ಬಣ್ಣ ಬೇಕಾಗುತ್ತದೆ ಎಂದು ಉಪನ್ಯಾಸ ಕೊಟ್ಟೆ. ಹಾರದ ವಿಮಾನವನ್ನು ನೋಡಲು ಯಾರು ಟಿಕೆಟ್ ತೆಗೆಯುತ್ತಾರೆ ಎಂದೂ ಕೇಳಿದೆ.

"ಬಣ್ಣ ಹಚ್ಚಲಿ. ನಾ ಇಡ್ಲಿ ತಿನ್ನಲಿ, ನಮ್ಮಾಕಿ ಹಿಮದಾಗ ಕುಣೀಲಿ, ಬೇಕಾದ್ರ ನಾ ಸಾಯಲಿ. ಆದ್ರ ಆ ಹನಿ ನಾ ನೋಡಿದ್ದೆ ರೀ. ಅದೊಂದು ನನಗ ಬಿಡಬೇಕಿತ್ತು."

ನನ್ನ ಉಪನ್ಯಾಸ ಅಲ್ಲಿಗೆ ಮುಗಿಯಿತು.

ಊರಿಗೆ ಇದು ಅರ್ಥವಾಗುವ ದುಃಖವಲ್ಲ. "ಅಂಥಾ ಸಾವು ಯಾರಿಗಿ ಸಿಗತೈತಿ ಕಾಕಾ" ಎಂದು ಜನ ಕೈಮುಗಿದರು. ಶಾಲೆಯವರು ಶಾಲು ಹೊದಿಸಿ, ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂದರು. ಇವರು "ನಾ ಹನಿ ನೋಡಿದೆ, ವಿಮಾನ ಹಾರಲಿಲ್ಲ" ಎಂದು ಶುರು ಮಾಡಿದರೆ, ಹೆಡ್‌ಮಾಸ್ಟರು ಕಿವಿಯಲ್ಲಿ, "ಸಿನಿಮಾದಾಗಿನಂಗ ಹೇಳ್ರಿ ಸರ, ಹುಡುಗರು ಗದ್ದಲ ಹಾಕಾಕತ್ತಾರ" ಅಂದರು. ಅಮರೇಶಪ್ಪನವರು ಹೇಳುತ್ತ ಹೇಳುತ್ತ ಸುಸ್ತಾದರು. ನಿಜ ಹೇಳುತ್ತಿದ್ದವರು ಅವರೊಬ್ಬರೇ. ಸಾಕ್ಷಿ ಹೇಳಬೇಕಾದ ಸಾಹೇಬರು ಮಣ್ಣಾಗಿದ್ದರು.

ಕೊನೆಯ ಪೆಟ್ಟು ಹುಸೇನಿಯದು. ಅವನ ಮನಸ್ಸಿನಲ್ಲಿ ಕೇಡೇನೂ ಇರಲಿಲ್ಲ, ಚೇಷ್ಟೆಯಷ್ಟೇ. ಒಂದು ದಿನ ಅಮರೇಶಪ್ಪನವರು ಅವನ ಆಟೋದ ಕೆಳಗೆ ಬಗ್ಗಿದಾಗ, "ಅವತ್ತ ನೋಡೂದು ಬಿಟ್ಟು, ಇವತ್ತ ನನ್ನ ಆಟೋದ ಬುಡಕ ಏನ್ ಹುಡುಕಾಕತ್ತಿ ಕಾಕಾ?" ಅಂದ. ಒಳಗಿದ್ದವರೆಲ್ಲ ನಕ್ಕರು. ಅಮರೇಶಪ್ಪನವರು ನೆಲದತ್ತ ಚಾಚಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡು, ಸೊಂಟ ಹಿಡಿದು ಎದ್ದು, ಆಟೋ ಹತ್ತದೆ ಮನೆಗೆ ನಡೆದರು.

ಅವರು ತೀರಿಕೊಂಡದ್ದು ಹೋದ ವರ್ಷ, ಮನೆಯಲ್ಲಿ, ನಿದ್ದೆಯಲ್ಲಿ. ಬಸ್ ನಿಲ್ದಾಣದ ಹತ್ತಿರ ಕಟ್ಟಿದ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಅವರ ಮುಖ ಸಣ್ಣದು, ಹಿಂದೆ ಉರಿಯುವ ಜೆಟ್ಟು ದೊಡ್ಡದು. ಇದೇನೆಂದು ಕೇಳಿದರೆ ಅವರ ಮಗ, "ಜನಕ್ಕ ಅದ ಗೊತ್ತೈತಿ ರೀ" ಅಂದ.

ಅವರು ತೀರಿಕೊಳ್ಳುವ ಕೆಲವು ವಾರ ಮುಂಚೆ ಅದೇ ನಿಲ್ದಾಣದಲ್ಲಿ ಅವರನ್ನು ಕೊನೆಯ ಸಲ ಕಂಡೆ. ಸಿಂಧನೂರಿನ ಬಸ್ಸು ನಿಂತಿತ್ತು. ಅವರು ಬಂದವರೇ ಬಾಗಿಲ ಕಂಬಿ ಹಿಡಿದು ಸೀದಾ ಮೆಟ್ಟಿಲೇರಿದರು.

"ಅಮರೇಶಪ್ಪನೋರ, ಒಂದು ಸುತ್ತ?" ಎಂದೆ.

"ಸತ್ತಾವ ಟೈರ್ ಮುಟ್ಟಿದ್ರ ಮಂದಿ ಅಂಜತಾರ್ರಿ," ಅಂದರು. ತಮಾಷೆಯೇ ಇರಬೇಕು ಎಂದುಕೊಂಡು ನಾನೂ ನಕ್ಕೆ. ಅವರು ಕಿಟಕಿ ಪಕ್ಕ ಕೂತು ಕಣ್ಣು ಮುಚ್ಚಿದರು.

ಬಸ್ಸು ಹೊರಟಿತು. ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಕರ್ರಗೆ ಏನೋ ತೇವ. ಬಗ್ಗಿ ಮುಟ್ಟಿದೆ, ಅವರ ಹಾಗೆ ಮೂಗಿಗೂ ಹಿಡಿದೆ. ಏನೂ ತಿಳಿಯಲಿಲ್ಲ. ಎಣ್ಣೆಯೋ ನೀರೋ ಹೇಳಬಲ್ಲ ಒಬ್ಬನೇ ಮನುಷ್ಯ ಆ ಬಸ್ಸಿನೊಳಗೆ ಕೂತು ಹೋಗಿದ್ದ.