ಯಾವ ಬಾಗಿಲಿಗೆ ಬುತ್ತಿ

ಮೊಮ್ಮಗಳು ಹುಟ್ಟಿದ ಸಂಜೆ ಆಸ್ಪತ್ರೆಯಿಂದ ಹೊರಗೆ ಬಂದರೆ, ಎದುರಿನ ಚೌಕದಲ್ಲಿ ದೊಡ್ಡದೊಂದು ಕಟ್ಟಡ ಕೆಳಗಿನಿಂದ ತುದಿಯವರೆಗೆ ಮೂರು ಬಣ್ಣದ ಬೆಳಕು ಹೊದ್ದುಕೊಂಡು ನಿಂತಿತ್ತು. ಸಾವಿರಾರು ಮಂದಿ, ಎಲ್ಲರ ಕೈಯಲ್ಲೂ ಮೇಣದ ಬತ್ತಿ. ಆಹಾ, ನನ್ನ ಮೊಮ್ಮಗಳು ಹುಟ್ಟಿದ ದಿನವೇ ಈ ಊರಿನ ದೀಪಾವಳಿ ಅಂದುಕೊಂಡೆ. ನಗಬೇಡಿ. ಹದಿನಾರು ವರ್ಷ ಮಕ್ಕಳಿಲ್ಲದ ಮಗಳಿಗೆ ಹುಟ್ಟಿದ ಕೂಸು ಅದು. ಅಳಿಯ ಔಷಧಿ ಅಂಗಡಿಗೆ ಹೋಗಿದ್ದ. ನನ್ನ ಚೀಲದಲ್ಲಿ ಬಾಣಂತಿಗೆಂದು ಊರಿನಿಂದ ಕಟ್ಟಿಕೊಂಡು ತಂದ ಅಂಟಿನುಂಡಿಯ ಡಬ್ಬಿ ಇತ್ತು. ಅದನ್ನು ತೆಗೆದವಳೇ ಮಂದಿಯ ನಡುವೆ ನಡೆದು ಹಂಚಲು ಶುರು ಮಾಡಿದೆ.

"ಮೊಮ್ಮಗಳು ಹುಟ್ಯಾಳ್ರಿ, ತಗೋರಿ, ಬಾಯಿ ಸಿಹಿ ಮಾಡ್ಕೋರಿ!"

ಯಾರೂ ನಗಲಿಲ್ಲ. ಕೆಲವರು ಹಿಂದೆ ಸರಿದರು. ಒಬ್ಬ ಮುದುಕಿ ಮಾತ್ರ ಉಂಡಿ ತೆಗೆದುಕೊಂಡು, ಎದೆಗೆ ಒತ್ತಿಕೊಂಡು, ನನ್ನ ಹೆಗಲಿಗೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆಗ ಸುತ್ತಲೂ ನೋಡಿದೆ. ಎಲ್ಲರೂ ಅಳುತ್ತಿದ್ದರು.

ನಾನು ನಿಮ್ಮ ಮುನವಳ್ಳಿಯವಳೇ. ನವಿಲುತೀರ್ಥದ ಕಾಲುವೆ ನೀರಿನಲ್ಲಿ ಅರಿವೆ ಒಗೆದು ಬೆಳೆದವಳು, ಓದಿದ್ದು ಮೂರನೆಯ ಇಯತ್ತೆಯ ತನಕ. ಮಗಳು ಸುಮಿತ್ರಾ ಜರ್ಮನಿಯ ಈ ಊರಿನಲ್ಲಿ ನರ್ಸು. ಆಕೆಯ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದುಕೊಂಡಿದ್ದೇನೆ. ಇಲ್ಲಿ ಕಂಡದ್ದನ್ನು ಬರೆದು ಕಳಿಸು ಅಂತ ಓಣಿಯ ಗೆಳತಿಯರು ನೀವು ಕೇಳಿದ್ದಿರಿ. ಬರೆಯುತ್ತಿದ್ದೇನೆ, ತಪ್ಪಿದ್ದಲ್ಲಿ ಮಗಳು ತಿದ್ದುತ್ತಾಳೆ.

ಅಂದು ಮಗಳೇ ಹೇಳಿದಳು. ಬೇರೊಂದು ದೇಶದ ರಾಜಧಾನಿಯಲ್ಲಿ ಹಾಡು ಕೇಳಲು ಕೂಡಿದ್ದ ಮಂದಿಯ ಮೇಲೆ ಯಾರೋ ಗುಂಡು ಹಾರಿಸಿದ್ದರಂತೆ. ಸತ್ತವರ ದೇಶದ ಬಾವುಟದ ಬಣ್ಣವನ್ನು ಇಲ್ಲಿಯವರು ತಮ್ಮ ರಾಟ್‌ಹೌಸಿಗೆ, ಅಂದರೆ ನಮ್ಮ ಪುರಸಭೆ ಇದ್ದ ಹಾಗೆ, ಬೆಳಕಾಗಿ ಬಿಟ್ಟಿದ್ದರು. ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ ಅಂತ.

"ಅವ್ವಾ, ನೀ ಅಲ್ಲಿ ಉಂಡಿ ಹಂಚಿದೇನ?" ಹಾಸಿಗೆಯಲ್ಲಿ ಮಲಗಿದವಳು ನಗಬೇಕೋ ಅಳಬೇಕೋ ತಿಳಿಯದೆ ಮುಖ ಮುಚ್ಚಿಕೊಂಡಳು. "ಹೊಲಿಗಿ ಹಾಕ್ಯಾರ, ನಗಸಬ್ಯಾಡ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ನೋಡಿದವರಲ್ಲ, ಕೇಳಿದವರಲ್ಲ, ಅವರಿಗಾಗಿ ಊರಿಗೆ ಊರೇ ಅಳುವುದೆಂದರೇನು! ಇಂಥ ಊರಿನಲ್ಲಿ ನನ್ನ ಕೂಸು ಬೆಳೆಯುತ್ತದೆ ಅಂತ ಎದೆ ತುಂಬಿತು.

ಮರುದಿನ ಬೆಳಿಗ್ಗೆ ನಾನು ನಮ್ಮ ರೀತಿಯಲ್ಲಿ ಮಾಡಬೇಕಾದ್ದನ್ನು ಮಾಡಿದೆ. ನಿಮಗೆ ಗೊತ್ತೇ ಇದೆ, ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರೇ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕರೆಯುವುದಿಲ್ಲ, ಹೇಳಿ ಕಳಿಸುವುದಿಲ್ಲ. ಬದುವಿಗಾಗಿ ಕೋರ್ಟು ಹತ್ತಿದವರೂ ಒಯ್ಯುತ್ತಾರೆ. ಮೂರು ದಿನ ಆದ ಮೇಲೆ ಅವರಲ್ಲೇ ಯಾರಾದರೂ ಹಿರಿಯ ಹೆಂಗಸು ಮುಂದೆ ನಿಂತು, "ಏಳವಾ, ಒಲಿ ಹಚ್ಚು" ಅಂತ ಹಚ್ಚಿಸುತ್ತಾಳೆ. ನಾನು ಜೋಳದ ರೊಟ್ಟಿ ಬಡಿದೆ, ಝುಣಕ ಮಾಡಿದೆ, ಶೇಂಗಾ ಚಟ್ನಿ ಇಟ್ಟೆ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಒಯ್ದು ಚೌಕದಲ್ಲಿ ಹೂವು ಮತ್ತು ಮೇಣದ ಬತ್ತಿಯ ರಾಶಿಯ ನಡುವೆ ಇಟ್ಟು, ಕೈ ಮುಗಿದು ಬಂದೆ.

ಟ್ರಾಮು ನಿಲ್ಲುವ ಜಾಗಕ್ಕೆ ಬರುವಷ್ಟರಲ್ಲಿ ಹಿಂದೆ ಸೀಟಿ. ಪೊಲೀಸರು ಮಂದಿಯನ್ನು ದೂಡುತ್ತಿದ್ದರು. ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಓಡುತ್ತಿದ್ದರು. ನಾನೂ ಓಡಿದೆ, ಇಲ್ಲಿಯೂ ಬಂದರಪ್ಪ ಕೊಲ್ಲುವವರು ಅಂತ. ತಿರುಗಿ ನೋಡಿದರೆ ಇಡೀ ಚೌಕ ಖಾಲಿ. ನಡುವೆ ಪೊಲೀಸರ ನಾಯಿಯೊಂದು, ಬಾಂಬಿದೆಯೇನೋ ಅಂತ, ನನ್ನ ಬಿಳಿ ಗಂಟನ್ನು ಮೂಸುತ್ತಿತ್ತು.

"ಅಯ್ಯ, ಅದು ನಂದರಿ! ಬುತ್ತಿರಿ ಅದು! ರೊಟ್ಟಿ!" ಕಿರುಚಿದೆ. ಪೊಲೀಸರಿಗೆ ಅದರಲ್ಲಿ ಕಂಡದ್ದು ಸೀರೆ ಉಟ್ಟ ಮುದುಕಿ ಕೈ ಬೀಸಿ ಕೂಗುವುದು ಮಾತ್ರ. ಒಬ್ಬ ನನ್ನ ರಟ್ಟೆ ಹಿಡಿದ.

ಆಗ ಟ್ರಾಮಿನಿಂದ ಇಳಿದು ಬಂದವಳು ಫರೀದಾ.

ಫರೀದಾ ನಮ್ಮ ಕೆಳಗಿನ ಮನೆಯವಳು, ಕಾಬೂಲಿನ ಕಡೆಯಿಂದ ಓಡಿ ಬಂದವಳು, ಹೋಟೆಲಿನ ಕೋಣೆಗಳನ್ನು ಸ್ವಚ್ಛ ಮಾಡುತ್ತಾಳೆ. ನಾನು ಬಂದ ಹೊಸತರಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿ, ಮೇಲೆ ಯಾರೋ ಯಾರನ್ನೋ ಹೊಡೆಯುತ್ತಿದ್ದಾರೆ ಅಂತ ಬಾಗಿಲು ಬಡಿದಿದ್ದಳು. ಹಿಟ್ಟು ಮೆತ್ತಿದ ನನ್ನ ಕೈ ನೋಡಿ ನಕ್ಕು ಅಲ್ಲೇ ಕುಳಿತು ಒಂದು ರೊಟ್ಟಿ ತಿಂದಿದ್ದಳು. ಆಕೆಯ ಉರ್ದು, ನನ್ನ ಯರಗಟ್ಟಿ ಸಂತೆಯ ಉರ್ದು, ಎರಡೂ ಸೇರಿ ನಮಗೆ ಸಾಕಾಗುತ್ತಿತ್ತು. ನನ್ನನ್ನು ಖಾಲಾ, ಅಂದರೆ ಚಿಗವ್ವ ಅನ್ನುತ್ತಾಳೆ. ಸಂಜೆ ಆಕೆ ಉಳ್ಳಾಗಡ್ಡಿ ಹುರಿದರೆ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬರುತ್ತಿತ್ತು.

ಫರೀದಾ ಪೊಲೀಸರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು. ನಂಬಲಿಲ್ಲ. ನಾಯಿ ಮೂಸಿ ಬಿಟ್ಟು ಬಂದ ಮೇಲೆ ಆಕೆಯನ್ನು ಗಂಟಿನ ಹತ್ತಿರ ಬಿಟ್ಟರು. ಬಿಚ್ಚಿ, ಒಂದು ರೊಟ್ಟಿ ಮುರಿದು, ಎಲ್ಲರೂ ನೋಡುತ್ತಿರುವಂತೆ ತಿಂದಳು. ನನ್ನತ್ತ ತಿರುಗಿ, "ಖಾಲಾ, ಉಪ್ಪು ಕಡಿಮೆ" ಅಂದಳು.

ಪೊಲೀಸಿನ ಹುಡುಗಿ ಒಳ್ಳೆಯವಳು. ಗಂಟನ್ನು ತಿರುಗಿ ಕೊಟ್ಟು, "ಓಮಾ" ಅಂದಳು. ಇಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. ಹೂವು ಇಡಿ, ಬತ್ತಿ ಇಡಿ, ಉಣ್ಣುವುದನ್ನು ಇಡಬೇಡಿ, ಇಲಿ ಬರುತ್ತವೆ ಅಂದಳಂತೆ. ಸತ್ತವರ ಮನೆ ಯಾವ ಓಣಿಯಲ್ಲಿದೆ ಅಂತ ಫರೀದಾಳ ಮೂಲಕ ಕೇಳಿಸಿದೆ. ಆ ಹುಡುಗಿ ತಲೆ ಅಲ್ಲಾಡಿಸಿದಳು. ಆಕೆಗೆ ಗೊತ್ತಿರಲಿಲ್ಲ. ಅಲ್ಲಿ ಅತ್ತ ಯಾರಿಗೂ ಗೊತ್ತಿರಲಿಲ್ಲ.

ಕೂಸಿಗೆ ಕತ್ತು ನಿಲ್ಲುವ ಹೊತ್ತಿಗೆ ಒಂದು ಬೆಳಿಗ್ಗೆ ಫರೀದಾ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವಳ ಊರಿನಲ್ಲಿ ಬಸ್ಸಿನೊಳಗೆ ಬಾಂಬು ಇಟ್ಟಿದ್ದರು. ಹೊಲಿಗೆ ಕೆಲಸಕ್ಕೆ ಹೊರಟಿದ್ದ ತಂಗಿ ಆ ಬಸ್ಸಿನಲ್ಲಿದ್ದಳು. ಮಣ್ಣಿಗೆ ಹೋಗುವಂತಿಲ್ಲ. ಇಲ್ಲಿಂದ ಹೋದರೆ ತಿರುಗಿ ಬರಲು ಬಿಡುವುದಿಲ್ಲವಂತೆ. ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಹುಡುಗಿಯ ಕೊರಳಲ್ಲಿ ಅಳತೆಯ ಟೇಪು ಹಾರದ ಹಾಗೆ ಬಿದ್ದಿತ್ತು.

ನನಗೆ ಆಗ ಬಾಯಿಗೆ ಬಂದದ್ದೇ ಅದು. "ಸಂಜೀಗೆ ಹಚ್ಚತಾರ ನೋಡವಾ" ಅಂದೆ. "ನಿಮ್ಮ ಬಾವುಟದ ಬಣ್ಣ ಹಚ್ಚತಾರ. ಇಡೀ ಊರು ಬರತೈತಿ. ನಾನೂ ಬರತೇನಿ."

"ಹಚ್ಚುತ್ತಾರಾ ಖಾಲಾ?"

"ಯಾಕ ಹಚ್ಚೂದಿಲ್ಲ?"

ಅದನ್ನು ಅಷ್ಟು ಜೋರಾಗಿ ಹೇಳಬಾರದಿತ್ತು.

ಸಂಜೆ ಆಕೆ ತಲೆ ಬಾಚಿಕೊಂಡು ಒಳ್ಳೆಯ ಕೋಟು ಹಾಕಿಕೊಂಡು ಬಂದಳು. ಇಬ್ಬರೂ ಚೌಕದ ಕಲ್ಲಿನ ಕಟ್ಟೆಯ ಮೇಲೆ ಕುಳಿತೆವು. ಕತ್ತಲಾಯಿತು. ರಾಟ್‌ಹೌಸಿಗೆ ದಿನದ ಹಳದಿ ದೀಪ ಬಂತು. ಬಣ್ಣ ಈಗ ಬಂದೀತು, ಇನ್ನೊಂದಿಷ್ಟು ಹೊತ್ತಿಗೆ ಬಂದೀತು ಅಂತ ಕಾದೆವು. ಪಕ್ಕದ ಅಂಗಡಿಯಲ್ಲಿ ಮಂದಿ ಕಾಫಿ ಕುಡಿದು ನಗುತ್ತಿದ್ದರು. ಅವರೇನು ಕೆಟ್ಟವರಲ್ಲ. ಅಂದು ಅತ್ತವರೂ ಅವರೇ ಇದ್ದಾರು. ನನ್ನ ಹಲ್ಲು ಥಂಡಿಗೆ ಕಟಕಟ ಅನ್ನುತ್ತಿತ್ತು.

ಕೊನೆಗೆ ಫರೀದಾ ಎದ್ದಳು. "ನಮ್ಮ ದೇಶಕ್ಕೆ ಈಗ ಯಾವ ಬಾವುಟ ಅಂತ ನಮಗೇ ಜಗಳ, ಖಾಲಾ. ಇವರು ಯಾವುದನ್ನು ಹಚ್ಚಿಯಾರು?" ಅಂದು ನಕ್ಕಳು. ಆ ನಗೆ ಕೇಳಿದ ಮೇಲೆ ನನಗೆ ಆಕೆಯ ಕೈ ಹಿಡಿಯುವ ಧೈರ್ಯ ಆಗಲಿಲ್ಲ.

ಮರುದಿನ ರೊಟ್ಟಿಗೆ ಕುಳಿತೆ. ಸುಮಿತ್ರಾ ಕೂಸಿಗೆ ಹಾಲು ಕುಡಿಸುತ್ತ ನೋಡಿದಳು.

"ಎಲ್ಲಿಗೆ ಕಟ್ಟಾಕತ್ತಿ ಅವ್ವಾ?"

"ಕೆಳಗ."

"ಹಸಗೂಸಿನ ಮನ್ಯಾಗಿಂದ ಸಾವಿನ ಮನಿಗೆ ಹೋಗಬಾರದಂತ ಕಲಿಸಿದಾಕಿ ನೀನ."

"ಹೌದು, ನಾನ ಕಲಿಸೇನಿ. ಜಳಕಾ ಮಾಡಿ ಕೂಸಿನ್ನ ಮುಟ್ಟತೇನಿ, ತಗಿ."

"ಆತು. ಚಟ್ನಿ ಸ್ವಲ್ಪ ಹೆಚ್ಚಿಗಿ ಇಡು. ಆಕಿಗೆ ಸೇರತೈತಿ."

ಮೂರು ದಿನ ಒಯ್ದೆ. ನನ್ನ ಮರ್ಯಾದೆಗೆಂದು ಒಂದು ತುತ್ತು ತಿಂದಳು. ನಾಲ್ಕನೆಯ ದಿನ, "ಏಳವಾ, ಒಲಿ ಹಚ್ಚು" ಅಂದೆ. ಎದ್ದು ಗುಂಡಿ ತಿರುಗಿಸಿದಳು. ಇಲ್ಲಿಯ ಒಲೆಯಲ್ಲಿ ಬೆಂಕಿ ಇರುವುದಿಲ್ಲ, ಕರೀ ಗಾಜು ಕೆಂಪಾಗುತ್ತದೆ, ಅಷ್ಟೆ. ಇಬ್ಬರೂ ಆ ಕೆಂಪನ್ನು ನೋಡುತ್ತ ನಿಂತೆವು. ಅದರ ಮೇಲೆ ಪಾತ್ರೆ ಇಡಲಿಲ್ಲ, ತಿರುಗಿ ಆರಿಸಿದಳು.

ಆ ರಾತ್ರಿ ಮುನವಳ್ಳಿಯ ಅಕ್ಕನಿಗೆ ಫೋನು ಹಚ್ಚಿದೆ. ಇಲ್ಲಿಯವರ ಮೇಲಿನ ಸಿಟ್ಟನ್ನೆಲ್ಲ ಸುರುವಿದೆ. ನಮ್ಮೂರಿನಲ್ಲಾಗಿದ್ದರೆ ಹೀಗಾಗುತ್ತಿತ್ತೇನು ಅಂದೆ.

ಅಕ್ಕ ಕೇಳಿಸಿಕೊಂಡು, "ಯಾವ ದೇಶದಾಕಿ ಅಂದಿ?" ಅಂದಳು.

ಹೇಳಿದೆ.

"ಅಲ್ಲಿ ದಿನಾ ಇದ್ದದ್ದ ಬಿಡವಾ. ನಿನಗ್ಯಾಕ ಬೇಕು? ಕೂಸಿಂದು ಹೊಸಾ ಫೋಟೋ ಕಳಸು. ಹಲ್ಲು ಬಂದಾವೇನು?"

ಫೋನು ಇಟ್ಟೆ. ಅಕ್ಕನದೇನು ತಪ್ಪು? ನಮ್ಮ ಸೈನಿಕರು ಸತ್ತಾಗ ಯರಗಟ್ಟಿಯಲ್ಲೂ ಮೇಣದ ಬತ್ತಿ ಹಿಡಿದು ಮೆರವಣಿಗೆ ಮಾಡುತ್ತೇವೆ, ಕಿತ್ತೂರಿನ ಹೆದ್ದಾರಿಯವರೆಗೂ ಫ್ಲೆಕ್ಸ್ ಕಟ್ಟುತ್ತೇವೆ. ಟಿವಿಯಲ್ಲಿ ಫರೀದಾಳ ಊರಿನಂಥ ಊರು ಬಂದಾಗ ನಾನೇ ಎಷ್ಟು ಸಲ, "ಧಾರಾವಾಹಿ ಹಚ್ಚರಿ, ಇದೇನು ನೋಡ್ತೀರಿ" ಅಂದಿಲ್ಲ? ನಮ್ಮ ಬುತ್ತಿ ಓಣಿಯ ತುದಿಗೆ ನಿಲ್ಲುತ್ತದೆ. ಇವರ ಬೆಳಕು ಇನ್ನಷ್ಟು ದೂರ ಹೋಗಿ ನಿಲ್ಲುತ್ತದೆ. ಎರಡೂ ಮುಟ್ಟದ ಕಡೆ ಒಬ್ಬಳು ಅಳತೆಯ ಟೇಪು ಹಾಕಿಕೊಂಡು ನಿಂತಿದ್ದಾಳೆ.

ಹೋದ ವಾರ ಮತ್ತೆ ಎಲ್ಲೋ ಒಂದು ದೊಡ್ಡ ಊರಿನಲ್ಲಿ ಕೊಂದರು. ರಾಟ್‌ಹೌಸಿಗೆ ಮತ್ತೆ ಬಣ್ಣ ಬಂತು. ಫರೀದಾ ಡ್ಯೂಟಿ ಮುಗಿಸಿ ಬರುತ್ತಿದ್ದಳು, ನಾನು ಕೂಸಿನ ಗಾಡಿ ನೂಕುತ್ತಿದ್ದೆ, ಚೌಕದಲ್ಲಿ ಸಿಕ್ಕಳು. ಕೂಸು ಆ ಬೆಳಕು ನೋಡಿ ಎರಡೂ ಕೈ ಮೇಲೆತ್ತಿ ಕೇಕೆ ಹಾಕಿತು. ಆಹಾ, ಮೊದಲ ಸಲ ಹಾಗೆ ನಕ್ಕಿದ್ದು! ಊರಿಗೆಲ್ಲ ಕೇಳಿಸುವಂತೆ ನಕ್ಕಿತು. ಮಂದಿ ತಿರುಗಿ ನೋಡಿದರು. ನಾನು ಕೂಸಿನ ಬಾಯಿಗೆ ಕೈ ಒಯ್ದೆ. ಫರೀದಾ ನನ್ನ ಕೈ ಹಿಡಿದು ನಿಲ್ಲಿಸಿ, "ನಗಲಿ ಬಿಡಿ ಖಾಲಾ" ಅಂದಳು. ಆಕೆ ಬೆಳಕಿನ ಕಡೆ ನೋಡಲಿಲ್ಲ.

ಅಕ್ಕ ದಿನಾ ಕೇಳುತ್ತಾಳೆ, "ಯಾವಾಗ ಬರತಿ?" ಬರಬೇಕು. ಮುನವಳ್ಳಿಯ ನೀರಿಗೆ ಬಾಯಿ ಒಣಗಿದೆ. ಬಂದರೆ ಕೂಸಿಲ್ಲದ ಕೈ ಏನು ಮಾಡಲಿ ಅನ್ನಿಸುತ್ತದೆ. ಬಂದ ಮೇಲೆ ನಿಮ್ಮ ಜೊತೆ ಕುಳಿತು ಅದೇ ಧಾರಾವಾಹಿ ನೋಡಲು ನನ್ನಿಂದ ಆದೀತೋ ಇಲ್ಲವೋ, ಅದೂ ತಿಳಿಯದು. ಬುತ್ತಿಯ ಬಿಳಿ ಬಟ್ಟೆಯನ್ನು ಒಗೆದು ಮಡಚಿ ಊರಿಗೆ ಹೊರಡುವ ಪೆಟ್ಟಿಗೆಯಲ್ಲಿ ಇಡುತ್ತೇನೆ. ಸಂಜೆಯಾದರೆ ಮೆಟ್ಟಿಲ ಹತ್ತಿರ ನಿಂತು ಮೂಗು ಒಡ್ಡುತ್ತೇನೆ. ಫರೀದಾಳ ಉಳ್ಳಾಗಡ್ಡಿಯ ವಾಸನೆ ಇನ್ನೂ ಬರುವುದಿಲ್ಲ. ರೊಟ್ಟಿ ಕಟ್ಟಲು ಬಟ್ಟೆಯನ್ನು ಮತ್ತೆ ಹೊರಗೆ ತೆಗೆಯುತ್ತೇನೆ.