ಸಮುದ್ರ ತಿಂದ ಬೋಲ್ಟು

ಯಲಬುರ್ಗಾಕ್ಕೆ ಬಂದ ಮೊದಲ ಬೆಳಿಗ್ಗೆ ಉಪ್ಪಿನ ಭರಣಿ ನನ್ನ ಕೈಜಾರಿ ಬಿತ್ತು. ಭರಣಿ ಒಡೆಯಲಿಲ್ಲ. ಮುಚ್ಚಳ ಹಾರಿ, ಒಳಗಿದ್ದ ಉಪ್ಪು ಒಣಮರಳಿನ ಹಾಗೆ ಸೊರ್ರನೆ ಹರಿದು ಅಡುಗೆಮನೆಯ ನಾಲ್ಕೂ ಮೂಲೆ ಸೇರಿತು. ಗುಡಿಸುವುದನ್ನು ಮರೆತು ನೋಡುತ್ತ ನಿಂತೆ. ಅಂಕೋಲೆಯಲ್ಲಿ ಉಪ್ಪು ಹರಿಯುವುದಿಲ್ಲ. ಅದು ಒದ್ದೆಯಾಗಿ, ಗಟ್ಟಿಯಾಗಿ, ಭರಣಿಯ ತಳಕ್ಕೆ ಕಚ್ಚಿ ಕೂತಿರುತ್ತದೆ; ಚಮಚದ ಹಿಂಬದಿಯಿಂದ ಕೆರೆದು ತೆಗೆಯಬೇಕು. ಮೂವತ್ತೊಂದು ವರ್ಷ ನಾನು ಅದನ್ನೇ ಉಪ್ಪಿನ ಗುಣ ಎಂದುಕೊಂಡಿದ್ದೆ. ಅದು ನಮ್ಮ ಗಾಳಿಯ ಗುಣ ಎಂದು ತಿಳಿಯಲು ಇಷ್ಟು ದೂರ ಬರಬೇಕಾಯಿತು.

ನಾನು ಇಲ್ಲಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬಂದು ಮೂರು ವರ್ಷವಾಯಿತು. ಕರಾವಳಿಯಲ್ಲಿ ಕೂತು ಇದನ್ನು ಓದುವವರಿಗೆ ಇಲ್ಲಿಯ ಗಾಳಿಯನ್ನು ವಿವರಿಸುವುದು ಕಷ್ಟ. ಬಟ್ಟೆ ಹಿಂಡಿ ಹಗ್ಗದ ಮೇಲೆ ಹಾಕಿ ತಿರುಗುವಷ್ಟರಲ್ಲಿ ಒಂದು ತುದಿ ಒಣಗಿರುತ್ತದೆ. ಹಪ್ಪಳ ವಾರದ ಮೇಲೂ ಕಟುಮ್ಮೆನ್ನುತ್ತದೆ. ನನ್ನ ಬಾಡಿಗೆ ಮನೆಯ ಹಿಂದೆ ಗೋಡೆಗೆ ಒರಗಿಸಿದ ಹಳೆಯ ನೇಗಿಲ ಗುಳವೊಂದಿದೆ. ಅದು ಎಷ್ಟು ಕಾಲದಿಂದ ಅಲ್ಲಿದೆಯೋ ಯಾರಿಗೂ ನೆನಪಿಲ್ಲ. ಮೇಲಿನ ಧೂಳು ಒರೆಸಿದರೆ ಕೆಳಗೆ ಕಬ್ಬಿಣ ಕಬ್ಬಿಣವಾಗಿಯೇ ಇದೆ. ನಮ್ಮಲ್ಲಾದರೆ ಎರಡು ಮಳೆಗಾಲಕ್ಕೆ ಬಿಸ್ಕತ್ತಿನಂತೆ ಪದರು ಬಿಡುತ್ತಿತ್ತು.

ಹೀಗೆ ಹೋಲಿಸುವುದು ನನಗೆ ಚಟವೇ ಆಗಿತ್ತು. ಪಕ್ಕದ ಮನೆಯ ಶರಣವ್ವ ಮೊದಲ ವಾರವೇ ಜೋಳದ ರೊಟ್ಟಿ, ಪುಂಡಿಪಲ್ಲೆ ತಂದುಕೊಟ್ಟಳು. ಪುಂಡಿ ಎಂದರೆ ಹುಳಿ ಸೊಪ್ಪು. ಬೇಳೆ, ನುಚ್ಚು ಹಾಕಿ ಬೇಯಿಸುತ್ತಾರೆ. ತಿಂದವಳೇ ನಮ್ಮೂರಿನಲ್ಲಿ ಹುಳಿಗೆ ಮುರುಗಲು ಹಾಕುತ್ತೇವೆ ಎಂದೆ. ಹೊಳೆಮೀನು ಮಣ್ಣು ನಾರುತ್ತದೆ, ನಮ್ಮೂರಿನಲ್ಲಿ ಹೀಗಲ್ಲ ಎಂದೆ. ಮನೆಯ ಮುಂದೆ ಮರವಿಲ್ಲ, ಬಾವಿಯಲ್ಲಿ ನೀರಿಲ್ಲ, ನಮ್ಮೂರಿನಲ್ಲಿ ಹೀಗಲ್ಲ. ಶರಣವ್ವನ ನಾಲಿಗೆ ಚುರುಕು. ಒಂದು ಸಂಜೆ ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಗುರೆಳ್ಳು ಹಸನು ಮಾಡುತ್ತಿದ್ದಾಗ ನಾನು ಬಾಯಿ ತೆರೆಯುವ ಮೊದಲೇ ಆಕೆ ಅಂದಳು:

"ತಡೀರಿ ತಡೀರಿ, ಈಗ ಬರ್ತೈತಿ ನೋಡ್ರಿ, ನಮ್ಮೂರಾಗ..."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಓಣಿಯಲ್ಲಿ ನನ್ನ ಹೆಸರು 'ನಮ್ಮೂರಾಗ ಟೀಚರು'. ಅದರಲ್ಲಿ ಕೆಡುಕಿರಲಿಲ್ಲ. ಆದರೆ ರಾತ್ರಿ ಒಬ್ಬಳೇ ಕೂತಾಗ ನಾಚಿಕೆಯಾಯಿತು. ಇವರ ರೊಟ್ಟಿ ತಿಂದು ಇವರ ಊರನ್ನು ದಿನವೂ ತಕ್ಕಡಿಗೆ ಹಾಕುತ್ತಿದ್ದೇನಲ್ಲ ಅನ್ನಿಸಿತು. ಇನ್ನು ಆ ಮಾತು ಆಡುವುದಿಲ್ಲ ಎಂದು ನಿಶ್ಚಯಿಸಿದೆ. ತಿಂಗಳುಗಟ್ಟಲೆ ಆಡಲೂ ಇಲ್ಲ. ಶರಣವ್ವ ನನ್ನನ್ನು 'ಟೀಚರ' ಬಿಟ್ಟು 'ಅಕ್ಕಾರ' ಎನ್ನತೊಡಗಿದಳು. ಹೊಸ ಊರಿನಲ್ಲಿ ನಾನು ಗಳಿಸಿದ ಮೊದಲ ಗೆಲುವು ಅದು.

ಎರಡನೆಯ ವರ್ಷ ನಾನು ಅಂಕೋಲೆಯಿಂದ ಸೋದರಮಾವನ ಹಳೆಯ ಕಾರು ತಂದೆ. ಮಾವ ಬಂದರಿನ ಹತ್ತಿರ ಮಂಜುಗಡ್ಡೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹತ್ತು ವರ್ಷ ಆ ಕಾರು ಹಗಲೆಲ್ಲ ಸಮುದ್ರಕ್ಕೆ ಮುಖಮಾಡಿ ನಿಂತಿತ್ತು. ಮೇಲೆ ಹೊಸ ಬಣ್ಣ ಹೊಡೆಸಿದ್ದರು. ಇಲ್ಲಿ ಅದು ಮಿಂಚುವುದನ್ನು ಕಂಡು ಶರಣವ್ವನ ಗಂಡ ಈರಣ್ಣ ಸುತ್ತು ಹಾಕಿ, ಬಾಗಿಲು ತಟ್ಟಿ, ಗಟ್ಟಿ ಗಾಡಿ ಎಂದು ಸರ್ಟಿಫಿಕೇಟು ಕೊಟ್ಟ.

ಈರಣ್ಣ ಟ್ರ್ಯಾಕ್ಟರ್ ಓಡಿಸುತ್ತಾನೆ. ಸ್ವಂತದ್ದು ಒಂದಿದೆ, ತಳಕಲ್ ಕಡೆಯವರೆಗೂ ಹೊಲ ಹರಗಲು, ಬಿತ್ತಲು ಕರೆಯುತ್ತಾರೆ. ಓಣಿಯಲ್ಲಿ ಯಾರ ಪಂಪು, ಯಾರ ಫ್ಯಾನು, ಯಾರ ಸೈಕಲ್ಲು ಕೆಟ್ಟರೂ ಆತನನ್ನು ಕರೆಯಬೇಕಾಗಿಲ್ಲ, ತಾನೇ ಬರುತ್ತಾನೆ. ಬೇಡ ಎನ್ನುವಂತಿಲ್ಲ. ಇಲ್ಲಿ ನೆರೆಯವರ ಸಹಾಯವನ್ನು ಬೇಡ ಎನ್ನುವುದೆಂದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಒಮ್ಮೆ ನಲ್ಲಿ ರಿಪೇರಿಗೆ ಬೇರೆಯವರನ್ನು ಕರೆಸಿದ್ದಕ್ಕೆ ಆತ ಎರಡು ದಿನ ಮಾತು ಬಿಟ್ಟಿದ್ದ.

ಕಳೆದ ಹಿಂಗಾರಿಗೆ ಮುಂಚೆ, ಕಡಲೆ ಬಿತ್ತನೆ ಇನ್ನೂ ಶುರುವಾಗದ ಒಂದು ಭಾನುವಾರ, ಕಾರಿನ ಮುಂದಿನ ಎಡಗಾಲಿಯ ಒಳಗೆ ಕಟಕಟ ಸದ್ದು ಬರುತ್ತಿದೆ ಎಂದು ನಾನು ಶರಣವ್ವನಿಗೆ ಹೇಳಿದೆ. ಕೊಪ್ಪಳಕ್ಕೆ ಒಯ್ಯುತ್ತೇನೆ ಎಂದೂ ಹೇಳಿದೆ. ಹತ್ತು ನಿಮಿಷದಲ್ಲಿ ಈರಣ್ಣ ಜಾಕಿ, ಪಾನಾಗಳ ಚೀಲ ಹಿಡಿದು ಅಂಗಳದಲ್ಲಿದ್ದ; ಸ್ಪ್ಯಾನರಿಗೆ ಇಲ್ಲಿ ಪಾನಾ ಎನ್ನುತ್ತಾರೆ.

"ಒಂದು ಬೋಲ್ಟಿನ ಕೆಲಸಕ್ಕ ಕೊಪ್ಪಳಾ ಯಾಕ್ರಿ ಅಕ್ಕಾರ? ನಾವೇನ್ ಸತ್ತೀವೇನ್ರಿ?"

ಜಾಕಿಯಿಂದ ಕಾರೆತ್ತಿ, ಗಾಲಿ ಬಿಚ್ಚಿ, ಜಾಕಿ ಜಾರಿದರೆ ಇರಲಿ ಎಂದು ಒಂದು ದಪ್ಪ ಹಾಸುಗಲ್ಲನ್ನು ಕೆಳಗೆ ತಳ್ಳಿದ. ಗಾಲಿಯ ನಾಲ್ಕು ನಟ್ಟುಗಳನ್ನು ನನ್ನ ಕೈಯ ತಾಟಿನಲ್ಲಿ ಹಾಕಿ, ಮಗ್ಗುಲಾಗಿ ಕಾರಿನ ಕೆಳಗೆ ಸರಿದ. ಸದ್ದು ಬರುವ ಭಾಗ ಬಿಚ್ಚಲು ಅಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಎಳೆದ. ಬೋಲ್ಟು ಅಲುಗಲಿಲ್ಲ. ಮತ್ತೆ ಎಳೆದಾಗ ಕಿರ್ರೆಂದಿತು. ಆತನ ಹಣೆಯ ಮೇಲೆ ಕೆಂಪು ಪುಡಿ ಉದುರಿತು.

"ಕುಂಕುಮ ಹಚ್ಚಿತು ನೋಡ್ರಿ ನಿಮ್ಮ ಗಾಡಿ," ಎಂದು ನಕ್ಕ.

ಆ ಪುಡಿ ಏನೆಂದು ನನಗೆ ಗೊತ್ತಿತ್ತು. ಇದನ್ನು ನಾನು ಮುಚ್ಚಿಡಬಾರದು. ಅಂಕೋಲೆಯಲ್ಲಿ ಮಾವನ ಕಾರು ನೋಡುತ್ತಿದ್ದ ಮೇಸ್ತ್ರಿ, ಕೆಂಪು ಪುಡಿ ಕಂಡ ಕ್ಷಣ ಪಾನಾ ಕೆಳಗಿಡುತ್ತಿದ್ದ. ಬೋಲ್ಟಿನ ಬುಡಕ್ಕೆ ಡೀಸೆಲ್ ಹನಿಸಿ, ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಸಲ ತಟ್ಟಿ, ಇದನ್ನು ಇವತ್ತು ಎಳೆಯಬಾರದು, ನಾಳೆ ಬನ್ನಿ ಎನ್ನುತ್ತಿದ್ದ. ಮರುದಿನ ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿಯುತ್ತಿದ್ದ. ಮತ್ತೆ ಸಡಿಲಿಸುತ್ತಿದ್ದ. ಹೀಗೆ ಹಿಂದೆ ಮುಂದೆ, ಹಿಂದೆ ಮುಂದೆ. ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಇಲ್ಲಿಯವರು ಬೋಲ್ಟನ್ನು ನಂಬುತ್ತಾರೆ. ಬರದಿದ್ದರೆ ಬಿಗಿ ಹೆಚ್ಚಾಗಿದೆ ಎಂದರ್ಥ, ಬಲ ಹೆಚ್ಚಿಸಿದರೆ ಬರುತ್ತದೆ. ಇಲ್ಲಿಯ ಕಬ್ಬಿಣ ಅವರಿಗೆ ಯಾವತ್ತೂ ಮೋಸ ಮಾಡಿಲ್ಲ.

ಈರಣ್ಣ ಹೊರಬಂದು ಬೋರ್‌ವೆಲ್ಲಿನ ಮೂರು ಅಡಿ ಪೈಪಿನ ತುಂಡೊಂದನ್ನು ಎತ್ತಿಕೊಂಡ. ಪಾನಾದ ಹಿಡಿಕೆಗೆ ಅದನ್ನು ತೊಡಿಸಿದರೆ ಒಬ್ಬನ ಬಲ ನಾಲ್ವರ ಬಲವಾಗುತ್ತದೆ. ಟ್ರ್ಯಾಕ್ಟರಿನವರ ರೂಢಿ ಅದು. ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. 'ನಮ್ಮೂರಿನಲ್ಲಿ' ಎಂದೇ ಅದು ಶುರುವಾಗಬೇಕಿತ್ತು. ಶರಣವ್ವ ತನ್ನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಕಿಟಕಿ ತೆರೆದಿತ್ತು. ಆಕೆಗೆ ಕೇಳಿಸುತ್ತದೆ, ನಗುತ್ತಾಳೆ ಎನ್ನಿಸಿತು. ನುಂಗಿಕೊಂಡೆ.

ಈರಣ್ಣ ಮತ್ತೆ ಕೆಳಗೆ ಸರಿದು, ಕಾಲನ್ನು ನೆಲಕ್ಕೆ ಕೊಟ್ಟು ಪೈಪನ್ನು ಜಗ್ಗಿದ.

ಟಕ್.

ದೊಡ್ಡ ಸದ್ದೇನಲ್ಲ. ಒಣ ಕಡ್ಡಿ ಮುರಿದ ಹಾಗೆ. ಎದುರಿಗೆ ತಡೆಯೇ ಇಲ್ಲವಾಗಿ ಆತನ ಇಡೀ ಮೈಭಾರ ಜಾಕಿಯ ಮೇಲೆ ಹೋಯಿತು. ಜಾಕಿ ವಾಲುವುದನ್ನು ನಾನು ನೋಡಿದೆ. ಕಾರು ಅವಸರವಿಲ್ಲದೆ ಕೆಳಗಿಳಿದು ಹಾಸುಗಲ್ಲಿನ ಮೇಲೆ ಕೂತಿತು. ಕಲ್ಲು ಆತನ ಎದೆಯನ್ನು ಉಳಿಸಿತು. ಆದರೆ ತಪ್ಪಿಸಿಕೊಳ್ಳಲು ಊರಿದ ಬಲಗೈ ಆ ಕಲ್ಲಿನ ಅಂಚಿನ ಮೇಲಿತ್ತು.

ಒಳಗಿನ ರೊಟ್ಟಿಯ ಸದ್ದು ನಿಂತಿತು. ಮುಂದಿನದು ನನಗೆ ತುಂಡುತುಂಡಾಗಿ ನೆನಪಿದೆ. ಓಣಿಯ ಗಂಡಸರು ಐದಾರು ಜನ ಕಾರನ್ನು ಬರಿಗೈಯಲ್ಲಿ ಎತ್ತಿದರು. ಶರಣವ್ವ ಹಿಟ್ಟಿನ ಕೈಯಲ್ಲೇ ಸೆರಗು ಹರಿದು ಸುತ್ತಿದಳು. ಯಾರದೋ ಗೂಡ್ಸ್ ಗಾಡಿಯ ಹಿಂದೆ ಕೂತು ಕೊಪ್ಪಳದ ದವಾಖಾನೆಗೆ ಹೋದೆವು; ಆಸ್ಪತ್ರೆಗೆ ಇಲ್ಲಿ ದವಾಖಾನೆಯೆಂದೇ ಹೇಳುತ್ತಾರೆ. ದಾರಿಯುದ್ದಕ್ಕೂ ಈರಣ್ಣ ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಏನೂ ಆಗಿಲ್ಲ, ಗಾಡಿಗೆ ಪೆಟ್ಟಾಗಿಲ್ಲವಲ್ಲ ಎಂದು ಕೇಳಿದ. ಬೆಂಚಿನ ಮೇಲೆ ಕೂತು ಎಷ್ಟೋ ಹೊತ್ತಾದ ಮೇಲೆ ಅಂಗೈ ನೋಯುತ್ತಿದೆ ಎಂದು ಮುಷ್ಟಿ ಬಿಚ್ಚಿ ನೋಡಿದರೆ ಗಾಲಿಯ ನಾಲ್ಕು ನಟ್ಟುಗಳಿದ್ದವು. ತಾಟು ಎಲ್ಲಿ ಬಿತ್ತೋ ತಿಳಿಯದು.

ಉಂಗುರದ ಬೆರಳು, ಕಿರುಬೆರಳು ಉಳಿಯಲಿಲ್ಲ.

ಕಡಲೆ ಬಿತ್ತನೆಯ ಹೊತ್ತಿಗೆ ಟ್ರ್ಯಾಕ್ಟರನ್ನು ಆತನ ತಮ್ಮ ಓಡಿಸಿದ. ಈರಣ್ಣ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಟ್ರ್ಯಾಕ್ಟರ್ ಹೊರಟ ಸದ್ದಿಗೆ ಎದ್ದು ನಿಂತು, ಮತ್ತೆ ಕೂರುತ್ತಿದ್ದ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಶರಣವ್ವ ರೊಟ್ಟಿ ಕಳಿಸುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅದನ್ನು ತಿನ್ನಲು ನನ್ನಿಂದ ಆಗುತ್ತಿರಲಿಲ್ಲ. ಒಮ್ಮೆ ತರಗತಿಯಲ್ಲಿ ತುಕ್ಕಿನ ಸಮೀಕರಣ ಬರೆಯುವಾಗ ಸೀಮೆಸುಣ್ಣ ಟಕ್ಕೆಂದು ಮುರಿಯಿತು. ವಿದ್ಯಾರ್ಥಿಗಳು ನೀರು ತಂದುಕೊಟ್ಟಾಗಲೇ ನಾನು ನೆಲದ ಮೇಲೆ ಕೂತಿರುವುದು ನನಗೆ ಗೊತ್ತಾದದ್ದು.

ಕೊನೆಗೆ ಒಂದು ಸಂಜೆ ಅವರ ಮನೆಗೆ ಹೋಗಿ ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಕೆಂಪು ಪುಡಿ ಕಂಡಾಗಲೇ ಬೋಲ್ಟು ಮುರಿಯಬಹುದೆಂದು ನನಗೆ ಗೊತ್ತಿತ್ತು, ಹೇಳಲಿಲ್ಲ ಎಂದೆ. ಏಕೆ ಹೇಳಲಿಲ್ಲ ಎಂಬುದನ್ನೂ ಹೇಳಿದೆ. ಅದನ್ನು ಹೇಳಬಾರದಿತ್ತೋ ಏನೋ.

ಶರಣವ್ವ ತನ್ನ ಕೈಗಳನ್ನೇ ನೋಡಿಕೊಂಡಳು.

"ಅಂದ್ರ, ನನ್ನ ನಗಿ ನಿಮ್ಮ ಬಾಯಿ ಕಟ್ಟಿತೇನ್ರಿ ಅಕ್ಕಾರ?"

ಇಲ್ಲ ಎಂದೆ. ಆಕೆ ಎದ್ದು ಒಳಗೆ ಹೋದಳು. ಮರುದಿನ ರೊಟ್ಟಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಎಂಟು ದಿನ ನಾನು ಅನ್ನ ಬೇಯಿಸಿಕೊಂಡು, ಗೋಡೆಯಾಚೆ ಆಕೆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಉಂಡೆ. ಊರಿಗೆ ವರ್ಗ ಕೇಳಿ ಅರ್ಜಿ ಬರೆದೆ. ಕಳಿಸಲಿಲ್ಲ, ಪುಸ್ತಕದೊಳಗೆ ಇಟ್ಟೆ.

ಒಂಬತ್ತನೆಯ ದಿನ ಭಾನುವಾರ. ಅಂಗಳದಲ್ಲಿ ಲೋಹದ ಸದ್ದು ಕೇಳಿ ಹೊರಬಂದೆ. ಈರಣ್ಣ ಕಾರಿನ ಪಕ್ಕ ಉಕ್ಕಿನ ಎರಡು ಸ್ಟ್ಯಾಂಡುಗಳನ್ನು ಇಡುತ್ತಿದ್ದ; ಗಂಗಾವತಿಯಲ್ಲಿ ಯಾರದೋ ಗ್ಯಾರೇಜಿನಿಂದ ಕೇಳಿ ತಂದದ್ದಂತೆ. ಶರಣವ್ವ ಕಟ್ಟೆಯ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ನಾನು ಬೇಡ ಎಂದೆ. ಇಲ್ಲಿಗೆ ಬಂದ ಮೇಲೆ ಆತನಿಗೆ ಬೇಡ ಎಂದದ್ದು ಅದೇ ಮೊದಲು.

"ಅರ್ಧ ಬೋಲ್ಟು ಒಳಗ ಉಳದೈತ್ರಿ. ರಾತ್ರಿ ಮಲಗಿದ್ರ ಅದ ಕಣ್ಣಾಗ ಬರ್ತೈತಿ. ತೆಗೀಲಾರದ ಬಿಟ್ರ ನಾ ಮತ್ತ ಪಾನಾ ಹಿಡಿಯೂದಿಲ್ರಿ."

ಆತ ಮೂರು ಬೆರಳಿನ ಕೈಯಲ್ಲಿ ಪಾನಾ ಎತ್ತಿ, ಹಿಡಿತ ಸರಿಮಾಡಿಕೊಂಡ.

"ಹೇಳ್ರಿ ಈಗ. ನಿಮ್ಮೂರಾಗ ಹ್ಯಾಂಗ ತೆಗೀತಾರ?"

ಶರಣವ್ವ ತಿರುಗಲಿಲ್ಲ. ಆದರೆ ಆಕೆ ಕಿವಿಗೊಟ್ಟಿದ್ದು ಬೆನ್ನಿನಲ್ಲೇ ಕಾಣುತ್ತಿತ್ತು. ನಾನು ಹೇಳಿದೆ. ನಮ್ಮೂರಿನಲ್ಲಿ ಮೊದಲು ಡೀಸೆಲ್ ಹನಿಸುತ್ತಾರೆ. ನಮ್ಮೂರಿನಲ್ಲಿ ಮೆಲ್ಲಗೆ ತಟ್ಟುತ್ತಾರೆ. ನಮ್ಮೂರಿನಲ್ಲಿ ಒಂದು ಇಡೀ ದಿನ ಕಾಯುತ್ತಾರೆ. ಈರಣ್ಣ ಹನಿಸಿದ, ತಟ್ಟಿದ, ಪಾನಾ ಕೆಳಗಿಟ್ಟು ಎದ್ದ. "ಹಂಗಾರ ನಾಳೆ," ಎಂದ. ಅಂದು ಮಧ್ಯಾಹ್ನ ರೊಟ್ಟಿ ಬಂತು. ಶರಣವ್ವ ತಾನೇ ತಂದು, ತಾಟು ಹೊಸ್ತಿಲ ಮೇಲಿಟ್ಟು ಹೋದಳು.

ಮರುದಿನ ಸಂಜೆ ಕಾಲೇಜಿನಿಂದ ಬಂದಾಗ ಆತ ಕಾಯುತ್ತಿದ್ದ. ಉಳಿದ ತುಂಡಿನ ಹೊರಚಾಚಿದ ತುದಿಗೆ ಹಿಡಿಪಾನಾ ಕಚ್ಚಿಸಿ, ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿದ. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಟಕ್ ಎನ್ನುವ ಸದ್ದಿಗೆ ಕಾದೆ. ಅದು ಬರಲಿಲ್ಲ. ತುಂಡು ತಿರುಗುತ್ತ ಹೊರಬಂತು. ಆತ ಅದನ್ನು ನನ್ನ ಅಂಗೈಯಲ್ಲಿಟ್ಟ. ಮುರಿದ ಮುಖದ ಮುಕ್ಕಾಲು ಭಾಗ ಕಪ್ಪಗೆ, ಹಳೆಯ ತುಕ್ಕು. ಅಷ್ಟನ್ನು ಸಮುದ್ರ ಮೊದಲೇ ತಿಂದಿತ್ತು. ಅಂಚಿನಲ್ಲಿ ತೆಳ್ಳಗೆ ಬಿದಿಗೆಯ ಚಂದ್ರನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಈರಣ್ಣ ಮುರಿದದ್ದು ಅಷ್ಟನ್ನೇ. ಇಷ್ಟು ತಿಂಗಳಾದರೂ ಇಲ್ಲಿಯ ಗಾಳಿ ಆ ಹೊಳಪನ್ನು ಮುಟ್ಟಿರಲಿಲ್ಲ.

ಆತ ಮತ್ತೆ ಟ್ರ್ಯಾಕ್ಟರ್ ಹತ್ತಿದ್ದಾನೆ. ಸ್ಟೇರಿಂಗಿಗೆ ಮೂರು ಬೆರಳು ಸಾಕು ಎನ್ನುತ್ತಾನೆ. ತಿರುವಿನಲ್ಲಿ ಎಡಗೈ ನೆರವಿಗೆ ಬರುವುದು ನನಗೆ ಕಾಣುತ್ತದೆ.

ಬೇಸಿಗೆ ರಜೆಗೆ ಅಂಕೋಲೆಗೆ ಹೋದಾಗ ಆ ತುಂಡು ನನ್ನ ಚೀಲದಲ್ಲಿತ್ತು. ಯಾಕೆ ಒಯ್ದೆನೋ ತಿಳಿಯದು. ಅಕ್ಕನ ಮನೆಯ ಕಿಟಕಿಯ ಮೇಲಿಟ್ಟಿದ್ದೆ. ಊಟಕ್ಕೆ ಕೂತಾಗ ಉಪ್ಪಿನ ಭರಣಿಯನ್ನು ಕೆರೆಯುತ್ತ, ನಮ್ಮೂರಿನಲ್ಲಿ ಉಪ್ಪು ಹೀಗೆ ಅಂಟುವುದಿಲ್ಲ ಎಂದೆ. ಅಕ್ಕ ಕೈಯ ತುತ್ತು ನಿಲ್ಲಿಸಿ ನನ್ನ ಮುಖ ನೋಡಿದಳು. ಯಾವ ಊರು ಎಂದು ಕೇಳಲಿಲ್ಲ.

ಎಂಟನೆಯ ದಿನ ಹೊರಡುವಾಗ ಕಿಟಕಿಯ ಹತ್ತಿರ ಹೋದೆ. ಆ ಬೆಳ್ಳನೆಯ ಅಂಚೂ ಕೆಂಪಾಗಿತ್ತು. ಮುರಿದದ್ದು ಯಾವುದು, ಮೊದಲೇ ತಿಂದುಹೋಗಿದ್ದು ಯಾವುದು ಎಂದು ಇನ್ನು ಯಾರಿಗೂ ತಿಳಿಯದು. ತೆಂಗಿನೆಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಯಲಬುರ್ಗಾಕ್ಕೆ ತಿರುಗಿ ತಂದೆ.